ಪಾಡ್‌ಗಳೆಲ್ಲ ರನ್ನಿಂಗ್, ವರ್ಷನ್ ಮಾತ್ರ ಹಳೇದು

ಆನ್ಸಿಬಲ್ ಅಂದರೆ ಫೈಲಿನಲ್ಲಿ ಬರೆದಿಟ್ಟ ಹಾಗೆ ಸರ್ವರ್‌ಗಳನ್ನು ತಾನೇ ಹೊಂದಿಸುವ ಉಪಕರಣ. ಅದನ್ನು ಓಡಿಸಿದವರಿಗೆಲ್ಲ ಆ ಕೊನೆಯ ಸಾಲು ಗೊತ್ತು. ಎಷ್ಟು ಓಕೆ, ಎಷ್ಟು ಚೇಂಜ್ಡ್, ಎಷ್ಟು ಫೇಲ್ಡ್. ಫೇಲ್ಡ್ ಮುಂದೆ ಸೊನ್ನೆ ಕಂಡರೆ ಸಾಕು, ಲ್ಯಾಪ್‌ಟಾಪ್ ಮುಚ್ಚಿ ಟೀ ಕುಡಿಯೋಕೆ ಹೊರಡುತ್ತೇವೆ. ಕುಬರ್ನೆಟಿಸ್ ಕ್ಲಸ್ಟರ್ (ಅಪ್ಲಿಕೇಶನ್‌ಗಳನ್ನು ಓಡಿಸುವ ಸರ್ವರ್‌ಗಳ ಗುಂಪು) ವಿಷಯದಲ್ಲಿ ಆ ಸೊನ್ನೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು ಅಂತ ತೋರಿಸಿಕೊಟ್ಟದ್ದು ಒಂದು ಶುಕ್ರವಾರ ಸಂಜೆ. ಆವತ್ತಿಂದ ನಾನು ಟೀ ಕುಡಿಯೋದು ಐದು ನಿಮಿಷ ತಡ.

ಸ್ವಲ್ಪ ಹಿನ್ನೆಲೆ ಹೇಳಬೇಕು. ನಮ್ಮದು ಬೆಂಗಳೂರಿನ ಚಿಕ್ಕ ಕಂಪನಿ. ಮಂಡಿ ವ್ಯಾಪಾರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುತ್ತೇವೆ. ಎಲ್ಲ ಟೀಮ್‌ಗಳೂ ಮುಂಬೈ ರೀಜನ್‌ನಲ್ಲಿರುವ ಒಂದೇ ಕ್ಲಸ್ಟರ್ ಹಂಚಿಕೊಂಡಿವೆ, ಒಂದೊಂದು ಟೀಮಿಗೆ ಒಂದೊಂದು ನೇಮ್‌ಸ್ಪೇಸ್, ಅಂದರೆ ಕ್ಲಸ್ಟರ್ ಒಳಗೆ ಅವರ ಪಾಲಿನ ಕೋಣೆ. ಕ್ಲೌಡ್ ಬಿಲ್ ತಿಂಗಳು ತಿಂಗಳು ಏರುತ್ತಿತ್ತು. ಗ್ರಾಹಕರು ಆ ಪ್ರಮಾಣದಲ್ಲಿ ಏರಿರಲಿಲ್ಲ. ನೋಡ್‌ಗಳ (ಕ್ಲಸ್ಟರ್‌ನಲ್ಲಿರುವ ಒಂದೊಂದು ಸರ್ವರ್) ಗ್ರಾಫ್ ತೆಗೆದು ನೋಡಿದರೆ ಮೆಮೊರಿ ಅರ್ಧಕ್ಕರ್ಧ ಖಾಲಿ, ಸಿಪಿಯು ಅಂತೂ ಬಹುಪಾಲು ಸುಮ್ನೆ ಕೂತಿದೆ. ಆದರೂ ಆಟೋಸ್ಕೇಲರ್ ಹೊಸ ನೋಡ್ ತರುತ್ತಲೇ ಇದೆ.

ಕಾರಣ ಏನೂ ನಿಗೂಢವಲ್ಲ. ಪ್ರತಿ ಕಂಟೇನರ್‌ಗೂ (ಅಪ್ಲಿಕೇಶನ್ ಓಡುವ ಡಬ್ಬಿ) ಯಾಮಲ್ ಅನ್ನುವ ಕಾನ್ಫಿಗರೇಶನ್ ಫೈಲಿನಲ್ಲಿ ರಿಕ್ವೆಸ್ಟ್ ಅಂತ ಬರೆಯುತ್ತೇವಲ್ಲ, ಇಷ್ಟು ಮೆಮೊರಿ, ಇಷ್ಟು ಸಿಪಿಯು ಬೇಕು ಅಂತ. ಯಾವ ನೋಡ್‌ನಲ್ಲಿ ಪಾಡ್ (ಕಂಟೇನರ್ ಓಡುವ ಚಿಕ್ಕ ಘಟಕ) ಕೂರಿಸಬೇಕು ಅಂತ ಶೆಡ್ಯೂಲರ್ ಲೆಕ್ಕ ಹಾಕುವುದು ಆ ಅಂಕಿ ನೋಡಿ. ನಿಜವಾಗಿ ಎಷ್ಟು ಬಳಕೆಯಾಗುತ್ತಿದೆ ಅಂತ ಅದು ನೋಡುವುದಿಲ್ಲ. ಆಟೋಸ್ಕೇಲರ್ ಕೂಡ ಅಷ್ಟೇ. ಹಾಗಾಗಿ ಯಾರೋ ಒಬ್ಬರು ಯಾವತ್ತೋ ಹೆದರಿ 2 ಜಿಬಿ ಅಂತ ಬರೆದರೆ, ಅಪ್ಲಿಕೇಶನ್ 700 ಎಂಬಿಯಲ್ಲೇ ಬದುಕಿದರೂ ಆ ಜಾಗ ಇನ್ನೊಬ್ಬರಿಗೆ ಸಿಗುವುದಿಲ್ಲ. ಎಲ್ಲರೂ ಜಾಸ್ತಿಯೇ ಬರೆಯುತ್ತಾರೆ, ಯಾಕೆಂದರೆ ಜಾಸ್ತಿ ಬರೆದದ್ದಕ್ಕೆ ಯಾರೂ ಬೈಯುವುದಿಲ್ಲ. ಕಡಿಮೆ ಬರೆದು ರಾತ್ರಿ ಪಾಡ್ ಸತ್ತರೆ ಮಾತ್ರ ಫೋನ್ ಬರುತ್ತದೆ.

ಅದಕ್ಕೆ ನೇಮ್‌ಸ್ಪೇಸ್‌ಗೊಂದು ರಿಸೋರ್ಸ್ ಕೋಟಾ, ಅಂದರೆ ರಿಕ್ವೆಸ್ಟ್‌ಗಳ ಒಟ್ಟು ಮೊತ್ತಕ್ಕೊಂದು ಮಿತಿ, ಹಾಕೋಣ ಅಂತ ತೀರ್ಮಾನವಾಯಿತು. ಕೈಯಲ್ಲಿ ಹಾಕುತ್ತಾ ಹೋದರೆ ಯಾರು ಯಾವಾಗ ಬದಲಾಯಿಸಿದರು ಅಂತ ಗೊತ್ತಾಗಲ್ಲ. ಹಾಗಾಗಿ ಆನ್ಸಿಬಲ್. ಕೆಲವರು ಕೇಳಿದರು, ಈ ಕಾಲದಲ್ಲಿ ಆನ್ಸಿಬಲ್ ಯಾಕೆ, ಹೆಲ್ಮ್ ಇದೆ, ಆರ್ಗೋ ಸಿಡಿ ಇದೆ ಅಂತ. ನಿಜ. ಆದರೆ ನಮ್ಮ ಹಳೇ ವರ್ಚುವಲ್ ಮಷೀನ್‌ಗಳೆಲ್ಲ ಮೊದಲಿಂದ ಆನ್ಸಿಬಲ್ ಕೈಯಲ್ಲೇ ಇದ್ದವು, ಎಲ್ಲರಿಗೂ ಪ್ಲೇಬುಕ್ (ಆನ್ಸಿಬಲ್‌ಗೆ ಕೊಡುವ ಕೆಲಸದ ಪಟ್ಟಿ) ಓದೋಕೆ ಬರುತ್ತದೆ. ಇನ್ನೊಂದು ಉಪಕರಣ ಕಲಿಸುವುದಕ್ಕಿಂತ ಇದೇ ಸಲೀಸು. ಮಷೀನ್‌ಗಳ ವಿಷಯದಲ್ಲಿ ಅದು ಎಸ್ಎಸ್ಎಚ್ ಮೂಲಕ ಒಳಗೆ ಹೋಗಿ ಕೆಲಸ ಮಾಡುತ್ತದೆ. ಕ್ಲಸ್ಟರ್ ವಿಷಯದಲ್ಲಿ ಹಾಗಿಲ್ಲ, ಇಲ್ಲೇ ಕೂತು ಕುಬರ್ನೆಟಿಸ್ ಎಪಿಐ (ಕ್ಲಸ್ಟರ್ ಆದೇಶಗಳನ್ನು ತೆಗೆದುಕೊಳ್ಳುವ ಬಾಗಿಲು) ಜೊತೆ ಮಾತಾಡುತ್ತದೆ. ಒಂದು ವೇರಿಯಬಲ್ ಫೈಲು, ಅದರಲ್ಲಿ ಟೀಮ್ ಹೆಸರು ಮತ್ತು ಅಂಕಿಗಳು. ಬದಲಾಯಿಸಬೇಕಾದರೆ ಫೈಲುಗಳ ಬದಲಾವಣೆ ದಾಖಲಿಸುವ ಜಿಟ್‌ನಲ್ಲಿ ಮರ್ಜ್ ರಿಕ್ವೆಸ್ಟ್ ಹಾಕು, ಇನ್ನೊಬ್ಬರು ಒಪ್ಪಲಿ, ಜೆಂಕಿನ್ಸ್ ಅನ್ನುವ ಆಟೊಮೇಶನ್ ಸರ್ವರ್ ಪ್ಲೇಬುಕ್ ಓಡಿಸುತ್ತದೆ. ಮೀಟಿಂಗ್‌ನಲ್ಲಿ ಎಲ್ಲ ಟೀಮಿನವರೂ ಒಪ್ಪಿದ ಲೆಕ್ಕ ಸುಲಭದ್ದು: ಈಗ ಓಡುತ್ತಿರುವ ಪಾಡ್‌ಗಳ ರಿಕ್ವೆಸ್ಟ್ ಕೂಡಿಸಿ, ಬಂದ ಮೊತ್ತವೇ ಕೋಟಾ.

ಕೋಟಾ ಹಾಕಿದ ದಿನ ಏನೂ ಆಗಲಿಲ್ಲ. ಆಗುವುದೂ ಇಲ್ಲ. ಓಡುತ್ತಿರುವ ಪಾಡ್‌ಗಳನ್ನು ಕೋಟಾ ಮುಟ್ಟುವುದಿಲ್ಲ, ಹೊಸದು ಹುಟ್ಟುವಾಗ ಮಾತ್ರ ಬಾಗಿಲಲ್ಲಿ ತಡೆಯುತ್ತದೆ.

ಶುಕ್ರವಾರ ಸಂಜೆ ಬಿಲ್ಲಿಂಗ್ ಟೀಮಿನ ರಿಲೀಸ್ ಇತ್ತು. ಬಿಲ್ ಮೊತ್ತ ರೌಂಡ್ ಆಫ್ ಮಾಡುವ ರೀತಿಯಲ್ಲಿ ಸಣ್ಣ ಬದಲಾವಣೆ, ಶನಿವಾರ ಬೆಳಿಗ್ಗೆ ಮಂಡಿ ತೆರೆಯುವಷ್ಟರಲ್ಲಿ ಹೋಗಬೇಕು. ಪ್ಲೇಬುಕ್ ಓಡಿತು. ಚೇಂಜ್ಡ್ 1, ಫೇಲ್ಡ್ 0. ಚಾಟ್‌ನಲ್ಲಿ ಹೆಬ್ಬೆರಳು ಹಾಕಿ ಎಲ್ಲರೂ ಎದ್ದರು. ಹತ್ತು ನಿಮಿಷಕ್ಕೆ ಟೆಸ್ಟಿಂಗ್‌ನಿಂದ ಫೋನ್.

"ಸರ್, ರೌಂಡ್ ಆಫ್ ಇನ್ನೂ ಹಳೇ ಥರಾನೇ ಬರ್ತಿದೆ."

"ಕ್ಯಾಶ್ ಕ್ಲಿಯರ್ ಮಾಡಿ ನೋಡಿದ್ರಾ ಮೇಡಂ?"

"ಮಾಡಿದೆ ಸರ್. ಬೇರೆ ಬ್ರೌಸರ್‌ನಲ್ಲೂ ನೋಡಿದೆ. ಮೊಬೈಲ್‌ನಲ್ಲೂ ಹಾಗೇ ಇದೆ."

ಕ್ಯಾಶ್ ಕ್ಲಿಯರ್ ಮಾಡಿ ಅನ್ನೋದು ನಮ್ಮ ಕಸುಬಿನವರ ಮೊದಲ ಮಾತು, ಅದು ಕೆಲಸ ಮಾಡದಿದ್ದಾಗಲೇ ನಿಜವಾದ ಹುಡುಕಾಟ ಶುರು. ಡೆವಲಪರ್‌ಗೆ ಅನುಮಾನ ಬಂದದ್ದು ಇಮೇಜ್ ಮೇಲೆ, ಅಂದರೆ ಅಪ್ಲಿಕೇಶನ್ ಕಟ್ಟಿಟ್ಟ ಪ್ಯಾಕೇಜ್ ಮೇಲೆ. ರಿಜಿಸ್ಟ್ರಿಯಲ್ಲಿ ಹೊಸ ಇಮೇಜ್ ಇದೆ. ಕ್ಲಸ್ಟರ್‌ನಲ್ಲಿರುವ ಡಿಪ್ಲಾಯ್‌ಮೆಂಟ್ (ಯಾವ ಇಮೇಜ್, ಎಷ್ಟು ಪಾಡ್ ಅಂತ ಹೇಳುವ ವಸ್ತು) ತೆಗೆದು ನೋಡಿದರೆ ಅದರಲ್ಲೂ ಹೊಸ ವರ್ಷನ್‌ನ ಟ್ಯಾಗೇ ಇದೆ. ಪಾಡ್‌ಗಳ ಪಟ್ಟಿ ತೆಗೆದರೆ ಮೂರಕ್ಕೆ ಮೂರೂ ರನ್ನಿಂಗ್, ರೀಸ್ಟಾರ್ಟ್ ಸೊನ್ನೆ. ಎಲ್ಲ ಸರಿ ಇದೆಯಲ್ಲ ಗುರು ಅಂತ ಅವನು ಅಂದ. ಆಗ ಕೊನೆಯ ಕಾಲಂ ಕಣ್ಣಿಗೆ ಬಿತ್ತು. ಏಜ್. ಒಂಬತ್ತು ದಿನ. ಈಗ ತಾನೇ ರಿಲೀಸ್ ಮಾಡಿದ ಪಾಡ್‌ಗೆ ವಯಸ್ಸು ನಿಮಿಷಗಳಲ್ಲಿರಬೇಕು.

ವಿಚಿತ್ರ ಅನ್ನಿಸಿದ್ದು ಏನೆಂದರೆ, ಜಾಗ ಸಾಲದೇ ಇದ್ದಾಗ ಸಾಮಾನ್ಯವಾಗಿ ಒಂದು ಪಾಡ್ ಪೆಂಡಿಂಗ್ ಅಂತ ನೇತಾಡುತ್ತಿರುತ್ತದೆ. ಅದನ್ನು ನೋಡಿದ ಕೂಡಲೇ ಗೊತ್ತಾಗುತ್ತದೆ. ಇಲ್ಲಿ ಅದೂ ಇಲ್ಲ. ಹಳೆಯ ಮೂರು ಪಾಡ್, ಅಷ್ಟೇ, ಹೊಸದರ ಸುಳಿವೇ ಇಲ್ಲ. ಮಾನಿಟರಿಂಗ್ ಕೂಡ ತಣ್ಣಗಿತ್ತು, ಯಾಕೆಂದರೆ ಯಾವ ಪಾಡೂ ಬಿದ್ದಿಲ್ಲ, ಸೈಟ್ ಚೆನ್ನಾಗಿ ನಡೆಯುತ್ತಿದೆ.

ಆಮೇಲೆ ರೆಪ್ಲಿಕಾ ಸೆಟ್‌ಗಳ ಪಟ್ಟಿ ತೆಗೆದೆ, ಒಂದೊಂದು ವರ್ಷನ್‌ಗೆ ಬೇಕಾದಷ್ಟು ಪಾಡ್ ಎಬ್ಬಿಸುವುದು ಅವುಗಳ ಕೆಲಸ. ಎರಡಿದ್ದವು. ಹಳೆಯದರಲ್ಲಿ ಮೂರಕ್ಕೆ ಮೂರು. ಹೊಸದರಲ್ಲಿ ಬೇಕಾದದ್ದು 1, ಇರುವುದು 0. ಹೊಸದನ್ನು ಡಿಸ್ಕ್ರೈಬ್ ಮಾಡಿದರೆ ಕೆಳಗೆ ಇವೆಂಟ್‌ಗಳ ಸಾಲು ಸಾಲು, ಒಂದೇ ಮಾತು ಮತ್ತೆ ಮತ್ತೆ: ಫೇಲ್ಡ್ ಕ್ರಿಯೇಟ್, ಫಾರ್ಬಿಡನ್, ಎಕ್ಸೀಡೆಡ್ ಕೋಟಾ. ಕೇಳಿದ್ದು 2 ಜಿಬಿ, ಈಗಾಗಲೇ ಬಳಸಿರುವುದು 6 ಜಿಬಿ, ಮಿತಿ 6 ಜಿಬಿ. ಪಾಡ್ ಹುಟ್ಟುವ ಮೊದಲೇ ಎಪಿಐ ಸರ್ವರ್ ಬಾಗಿಲು ಹಾಕಿದೆ. ಹುಟ್ಟದ ಪಾಡ್ ಪಟ್ಟಿಯಲ್ಲಿ ಹೇಗೆ ಕಾಣಬೇಕು?

ಆನ್ಸಿಬಲ್ ಸುಳ್ಳು ಹೇಳಿರಲಿಲ್ಲ. ಡಿಪ್ಲಾಯ್‌ಮೆಂಟ್ ಅನ್ನುವ ವಸ್ತುವನ್ನು ಬದಲಾಯಿಸು ಅಂತ ಹೇಳಿದ್ದೆವು, ಬದಲಾಯಿಸಿತು. ಎಪಿಐ ಸರ್ವರ್ ಅದನ್ನು ಒಪ್ಪಿಕೊಂಡಿತು, ಯಾಕೆಂದರೆ ಕೋಟಾ ತಡೆಯುವುದು ಪಾಡನ್ನು, ಡಿಪ್ಲಾಯ್‌ಮೆಂಟನ್ನಲ್ಲ. ತಾಲೂಕು ಕಚೇರಿಯಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಚೀಟಿ ತಗೊಂಡು ಬಂದ ಹಾಗೆ ಇದು. ಚೀಟಿ ಅಸಲಿ, ಖಾತೆ ಬದಲಾವಣೆ ಆಗಿಲ್ಲ. ಮೊದಲೇ ಚೆಕ್ ಮೋಡ್‌ನಲ್ಲಿ (ಏನನ್ನೂ ನಿಜವಾಗಿ ಬದಲಾಯಿಸದ ಪರೀಕ್ಷೆ) ಓಡಿಸಿ ನೋಡಿದ್ದರೂ ಇದೇ ಕಾರಣಕ್ಕೆ ಏನೂ ಗೊತ್ತಾಗುತ್ತಿರಲಿಲ್ಲ.

ಆದರೆ ಅದೇ ವಾರ ಬೇರೆ ಎರಡು ಟೀಮ್‌ಗಳು ಅದೇ ಥರದ ಕೋಟಾ ಇಟ್ಟುಕೊಂಡು ಆರಾಮಾಗಿ ರಿಲೀಸ್ ಮಾಡಿದ್ದವು. ಹಾಗಾಗಿ ಕೋಟಾ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ. ಇದರ ಲೆಕ್ಕ ಬಿಡಿಸಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಶುಕ್ರವಾರ ರಾತ್ರಿ ಖುಷಿಪಡುವ ವಿಷಯವಲ್ಲ, ಆದರೂ.

ರೋಲಿಂಗ್ ಅಪ್‌ಡೇಟ್‌ಗೆ, ಅಂದರೆ ಹಳೇ ಪಾಡ್‌ಗಳ ಜಾಗಕ್ಕೆ ಹೊಸದನ್ನು ಸ್ವಲ್ಪ ಸ್ವಲ್ಪವಾಗಿ ತರುವುದಕ್ಕೆ, ಎರಡು ಅಂಕಿಗಳಿವೆ. ಮ್ಯಾಕ್ಸ್ ಸರ್ಜ್, ಅಂದರೆ ಹೊಸ ಪಾಡ್ ಎಷ್ಟು ಹೆಚ್ಚುವರಿಯಾಗಿ ಎಬ್ಬಿಸಬಹುದು. ಮ್ಯಾಕ್ಸ್ ಅನ್‌ಅವೈಲಬಲ್, ಅಂದರೆ ಹಳೆಯದನ್ನು ಎಷ್ಟು ಮೊದಲೇ ಇಳಿಸಬಹುದು. ನಾವೇನೂ ಬರೆಯದಿದ್ದರೆ ಎರಡೂ ಶೇಕಡಾ 25. ನಾಲ್ಕು ಪಾಡ್ ಇರುವ ಟೀಮಿಗೆ 25 ಅಂದರೆ ಒಂದು. ಒಂದು ಹಳೆಯದನ್ನು ಇಳಿಸಬಹುದು, ಕೋಟಾದಲ್ಲಿ ಜಾಗ ಖಾಲಿಯಾಗುತ್ತದೆ, ಆ ಜಾಗದಲ್ಲಿ ಹೊಸದು ಕೂರುತ್ತದೆ, ಹೀಗೇ ತಿರುಗುತ್ತಾ ಮುಗಿಯುತ್ತದೆ. ಮೂರು ಪಾಡ್ ಇದ್ದರೆ 25 ಅಂದರೆ ಮುಕ್ಕಾಲು. ಮುಕ್ಕಾಲು ಪಾಡ್ ಅಂತ ಇರುವುದಿಲ್ಲವಲ್ಲ, ಹಾಗಾಗಿ ಸರ್ಜ್ ಮೇಲಕ್ಕೆ ಹೋಗಿ ಒಂದಾಗುತ್ತದೆ, ಅನ್‌ಅವೈಲಬಲ್ ಕೆಳಕ್ಕೆ ಹೋಗಿ ಸೊನ್ನೆಯಾಗುತ್ತದೆ. ಅಂದರೆ ಹೊಸದು ಒಂದು ಎದ್ದು ನಿಲ್ಲುವ ತನಕ ಹಳೆಯದನ್ನು ಮುಟ್ಟುವ ಹಾಗಿಲ್ಲ, ಹಳೆಯದು ಜಾಗ ಬಿಡುವ ತನಕ ಹೊಸದು ಏಳುವ ಹಾಗಿಲ್ಲ. ಎರಡೂ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತಿವೆ. ಹತ್ತು ನಿಮಿಷ ಕಳೆದ ಮೇಲೆ ಡಿಪ್ಲಾಯ್‌ಮೆಂಟ್ ತನ್ನ ಸ್ಟೇಟಸ್‌ನಲ್ಲಿ ಪ್ರೋಗ್ರೆಸ್ ಡೆಡ್‌ಲೈನ್ ಮೀರಿತು ಅಂತ ಬರೆದುಕೊಳ್ಳುತ್ತದೆ. ಅದನ್ನು ಓದಲು ಅಲ್ಲಿ ಯಾರೂ ಇರುವುದಿಲ್ಲ, ಪ್ಲೇಬುಕ್ ಆಗಲೇ ಮುಗಿದು ಮನೆಗೆ ಹೋಗಿದೆ. ಬಿಲ್ಲಿಂಗ್‌ನವರದು ಮೂರೇ ಪಾಡ್.

ಕಾರಣ ಸಿಕ್ಕಿತು, ಈಗ ಸರಿ ಮಾಡಬೇಕು. ಕ್ಯೂಬ್‌ಸಿಟಿಎಲ್ ಕಮಾಂಡ್‌ನಲ್ಲಿ ನೇರವಾಗಿ ಕೋಟಾ ಎಡಿಟ್ ಮಾಡಿ 8 ಅಂತ ಬರೆದುಬಿಡಿ ಸರ್, ಅರ್ಧ ನಿಮಿಷದ ಕೆಲಸ ಅಂತ ಒಂದು ಸಲಹೆ ಬಂತು. ಮಾಡಬಹುದಿತ್ತು. ಆದರೆ ಮುಂದಿನ ಸಲ ಬೇರೆ ಯಾರಿಗೋ ಬೇಕಾಗಿ ಪ್ಲೇಬುಕ್ ಓಡಿದಾಗ ಅದು ಫೈಲಿನಲ್ಲಿರುವ 6 ನೋಡಿ ಮತ್ತೆ 6 ಮಾಡುತ್ತದೆ, ಅದಕ್ಕೇನು ಗೊತ್ತು ರಾತ್ರಿ ನಡೆದ ಕಥೆ. ಹಾಗಾಗಿ ಜಿಟ್‌ನಲ್ಲೇ ಬದಲಾಯಿಸಿ, ಫೋನ್ ಮಾಡಿ ಒಬ್ಬರನ್ನು ಎಬ್ಬಿಸಿ ಒಪ್ಪಿಗೆ ತಗೊಂಡು, ಸರಿಯಾದ ದಾರಿಯಲ್ಲೇ ಹೋದೆವು. ಕೋಟಾ ಏರಿದ ಮೇಲೆ ರಿಲೀಸನ್ನು ಮತ್ತೆ ಓಡಿಸಬೇಕಾಗಲಿಲ್ಲ. ರೆಪ್ಲಿಕಾ ಸೆಟ್ ಕಂಟ್ರೋಲರ್ ಬಿಡದೆ ಪ್ರಯತ್ನಿಸುತ್ತಲೇ ಇರುತ್ತದೆ, ಜಾಗ ಸಿಕ್ಕ ಮೇಲೆ ಸ್ವಲ್ಪ ಹೊತ್ತಿಗೆ ತಾನೇ ಒಂದೊಂದಾಗಿ ಪಾಡ್ ಎಬ್ಬಿಸಿತು. ಟೆಸ್ಟಿಂಗ್ ಮೇಡಂ ಬಂತು ಸರ್ ಅಂದರು.

ಸೋಮವಾರ ಬಿಲ್ಲಿಂಗ್ ಟೀಮಿನವರ ಜೊತೆ ಕೂತು ಮಾತಾಡಿದ್ದು ಬೇರೆ ವಿಷಯ. ನನಗೆ ತಲೆ ಕೊರೆಯುತ್ತಿದ್ದದ್ದು ಆ 2 ಜಿಬಿ. ಬಳಕೆ 700 ಎಂಬಿ ದಾಟುವುದೇ ಇಲ್ಲ.

"2 ಯಾಕೆ ಬೇಕು ನಿಮಗೆ?"

"1 ಇಟ್ಟಿದ್ವಿ ಗುರು ಮೊದಲು. ಔಟ್ ಆಫ್ ಮೆಮೊರಿ ಅಂತ ಸಾಯ್ತಿತ್ತು. 2 ಮಾಡಿದ್ವಿ, ನಿಂತುಹೋಯ್ತು."

ಅದು ಜಾವಾ ಸರ್ವಿಸ್. ಈಗಿನ ಜಾವಾಗೆ ತಾನು ಕಂಟೇನರ್ ಒಳಗಿದ್ದೇನೆ ಅಂತ ಗೊತ್ತಾಗುತ್ತದೆ, ಆದರೆ ನಾವೇನೂ ಹೇಳದಿದ್ದರೆ ಕಂಟೇನರ್ ಮೆಮೊರಿಯ ಕಾಲು ಭಾಗವನ್ನಷ್ಟೇ ಹೀಪ್‌ಗೆ (ಪ್ರೋಗ್ರಾಂ ತನ್ನ ಡೇಟಾ ಇಡುವ ಜಾಗ) ಇಟ್ಟುಕೊಳ್ಳುತ್ತದೆ. 1 ಜಿಬಿ ಕೊಟ್ಟಾಗ ಹೀಪ್ 256 ಎಂಬಿ, ಸಾಲಲಿಲ್ಲ. 2 ಕೊಟ್ಟಾಗ 512, ಸಾಕಾಯಿತು. ಉಳಿದ ಒಂದು ಜಿಬಿಗಿಂತ ಹೆಚ್ಚು ಮೆಮೊರಿ ಸುಮ್ನೆ ಗಾಳಿ ಕುಡಿಯುತ್ತಿತ್ತು. ಮ್ಯಾಕ್ಸ್ ರ‍್ಯಾಮ್ ಪರ್ಸೆಂಟೇಜ್ 60 ಅಂತ ಒಂದು ಆಪ್ಷನ್ ಹಾಕಿ, 1 ಜಿಬಿಗೆ ಇಳಿಸಿದೆವು. ಹೀಪ್ 600 ಎಂಬಿ ದಾಟಿತು, ಅಂದರೆ ಮೊದಲಿಗಿಂತ ಜಾಸ್ತಿಯೇ. ಮೂರು ಪಾಡ್‌ಗೆ 3, ರಿಲೀಸ್ ವೇಳೆ ಏಳುವ ಹೆಚ್ಚುವರಿ ಪಾಡ್‌ಗೆ 1. ಕೋಟಾ 4 ಜಿಬಿಗೆ ಬಂತು. ಶುಕ್ರವಾರ 8ಕ್ಕೆ ಏರಿಸಿದ್ದು. ಈ ಉಳಿತಾಯ ಆನ್ಸಿಬಲ್ ಮಾಡಿದ್ದಲ್ಲ ಅನ್ನೋದನ್ನು ಇಲ್ಲಿ ಹೇಳಿಬಿಡಬೇಕು. ಅಂಕಿ ಎಲ್ಲಿಂದ ಬಂತು ಅಂತ ಯಾರಾದರೂ ಎದುರು ಕೂತು ಕೇಳಲೇಬೇಕು.

ಪ್ಲೇಬುಕ್‌ನಲ್ಲಿ ಮಾಡಿದ ಬದಲಾವಣೆ ಸಣ್ಣದು. ಡಿಪ್ಲಾಯ್‌ಮೆಂಟ್ ಟಾಸ್ಕ್‌ಗೆ ವೇಟ್ ಟ್ರೂ ಅಂತ ಸೇರಿಸಿದೆವು. ಈಗ ಹೊಸ ಪಾಡ್‌ಗಳೆಲ್ಲ ರೆಡಿ ಆಗುವ ತನಕ ಅದು ಕಾಯುತ್ತದೆ, ಆಗದಿದ್ದರೆ ಕೆಂಪಗಾಗುತ್ತದೆ. ತಾನಾಗಿ ಕಾಯುವುದು 120 ಸೆಕೆಂಡ್ ಮಾತ್ರ. ನಮ್ಮ ಜಾವಾ ಪಾಡ್‌ಗಳು ಒಂದಾದ ಮೇಲೊಂದು ಏಳೋಕೆ ಅಷ್ಟು ಸಾಲದು, ಅದಕ್ಕೆ 600 ಮಾಡಿದೆವು. ಕೋಟಾದ ಲೆಕ್ಕವನ್ನೂ ಟೆಂಪ್ಲೇಟ್‌ಗೇ ಬಿಟ್ಟಿದ್ದೇವೆ, ರೆಪ್ಲಿಕಾ ಜೊತೆ ಸರ್ಜ್ ಸೇರಿಸಿ ಅದೇ ಗುಣಿಸಿಕೊಳ್ಳುತ್ತದೆ.

ಇದರ ಜೊತೆಗೇ ಇನ್ನೊಂದು ತಮಾಷೆ ನಡೆಯಿತು. ಸಿಪಿಯು ಲಿಮಿಟ್, ಅಂದರೆ ಕಂಟೇನರ್ ಇದಕ್ಕಿಂತ ಹೆಚ್ಚು ಬಳಸುವಂತಿಲ್ಲ ಅನ್ನುವ ಮಿತಿ, ತೆಗೆಯೋಣ ಅಂತ ಹೊರಟೆವು. ನನ್ನ ಅಭಿಪ್ರಾಯ ಕೇಳಿದರೆ, ಮೆಮೊರಿಗೆ ಲಿಮಿಟ್ ಇರಲೇಬೇಕು, ಸಿಪಿಯುಗೆ ಹೆಚ್ಚಿನ ಕಡೆ ಬೇಡ. ಅರ್ಧ ಕೋರ್ ಲಿಮಿಟ್ ಅಂದರೆ ಪ್ರತಿ 100 ಮಿಲಿಸೆಕೆಂಡಿಗೆ 50 ಮಿಲಿಸೆಕೆಂಡ್ ಸಿಪಿಯು. ನಾಲ್ಕು ಥ್ರೆಡ್ ಒಟ್ಟಿಗೆ ಓಡಿದರೆ ಅದು ಹನ್ನೆರಡೂವರೆ ಮಿಲಿಸೆಕೆಂಡಿನಲ್ಲೇ ಖರ್ಚಾಗಿ, ಉಳಿದ ಹೊತ್ತು ಪಕ್ಕದಲ್ಲಿ ಸಿಪಿಯು ಖಾಲಿ ಇದ್ದರೂ ಕೈಕಟ್ಟಿ ಕೂರಬೇಕು. ಸರಿ, ಫೈಲಿನಿಂದ ಆ ಸಾಲು ಅಳಿಸಿ ಪ್ಲೇಬುಕ್ ಓಡಿಸಿದರೆ ಹಸಿರು ಬಣ್ಣದಲ್ಲಿ ಓಕೆ ಅಂತ ಬಂತು. ಚೇಂಜ್ಡ್ ಅಲ್ಲ, ಓಕೆ. ಕ್ಲಸ್ಟರ್‌ನಲ್ಲಿ ಲಿಮಿಟ್ ಹಾಗೇ ಇದೆ.

ಕುಬರ್ನೆಟಿಸ್ ಜೊತೆ ಮಾತಾಡುವ ಆನ್ಸಿಬಲ್ ಮಾಡ್ಯೂಲ್ ಕೆಲಸ ಮಾಡುವ ರೀತಿಯೇ ಹಾಗೆ. ಫೈಲಿನಲ್ಲಿ ಏನಿದೆಯೋ ಅದನ್ನು ಕ್ಲಸ್ಟರ್‌ನಲ್ಲಿರುವುದರ ಮೇಲೆ ಪ್ಯಾಚ್ ಹಾಕುತ್ತದೆ. ಫೈಲಿನಿಂದ ಮಾಯವಾದದ್ದರ ಬಗ್ಗೆ ಅದಕ್ಕೆ ಗೊತ್ತಿಲ್ಲ. ಅಪ್ಲೈ ಟ್ರೂ ಅಂತ ಹೇಳಿದರೆ ಹಿಂದಿನ ಸಲ ಏನು ಕಳಿಸಿದ್ದೆವು ಅಂತ ವಸ್ತುವಿನ ಮೇಲೇ ಬರೆದಿಟ್ಟುಕೊಂಡು, ಮುಂದಿನ ಸಲ ಹೋಲಿಸಿ ಅಳಿಸುತ್ತದೆ. ಆದರೆ ಹಳೆಯ ವಸ್ತುಗಳ ಮೇಲೆ ಆ ಬರಹ ಇರಲಿಲ್ಲವಲ್ಲ, ಹಾಗಾಗಿ ಒಂದು ಸಲ ಕೈಯಲ್ಲೇ ತೆಗೆದೆವು. ಪೂರ್ತಿ ವಸ್ತುವನ್ನೇ ತೆಗೆಯಬೇಕಾದರೆ ಫೈಲ್ ಅಳಿಸಿದರೆ ಸಾಲದು, ಸ್ಟೇಟ್ ಆಬ್ಸೆಂಟ್ ಅಂತ ಬರೆದು ಒಮ್ಮೆ ಓಡಿಸಬೇಕು. ಟೆರಾಫಾರ್ಮ್ ಅನ್ನುವ ಇನ್ನೊಂದು ಉಪಕರಣ ಬಳಸಿ ಬಂದವರು ಇಲ್ಲಿ ಎಡವುತ್ತಾರೆ, ಅಲ್ಲಿ ಫೈಲಿನಿಂದ ತೆಗೆದರೆ ಅದು ತನ್ನ ಸ್ಟೇಟ್ ಫೈಲ್ ನೋಡಿ ಅಳಿಸೋಕೆ ಹೊರಡುತ್ತದೆ. ಅದರ ಭಯ ಬೇರೆ ಥರದ್ದು ಬಿಡಿ.

ಈಗ ಹೆಚ್ಚಿನ ಟೀಮ್‌ಗಳು ಅಂಕಿ ಇಳಿಸಿವೆ, ನೋಡ್‌ಗಳೂ ಕಡಿಮೆಯಾಗಿವೆ. ಒಪ್ಪದೇ ಇರುವವರು ಡೇಟಾ ಟೀಮ್ ಒಂದೇ. ಅವರ ರಿಪೋರ್ಟ್ ಸರ್ವಿಸ್‌ಗೆ 8 ಜಿಬಿ ರಿಕ್ವೆಸ್ಟ್. ಅದು ನಿಜವಾಗಿ ಬೇಕಾಗುವುದು ತಿಂಗಳ ಕೊನೆಯ ರಾತ್ರಿ ದೊಡ್ಡ ರಿಪೋರ್ಟ್ ತೆಗೆಯುವಾಗ ಮಾತ್ರ. ಆ ಒಂದು ಕೆಲಸವನ್ನು ಬೇರೆ ಜಾಬ್ ಮಾಡಿ, ಆವತ್ತು ಬಂದು ಓಡಿ ಹೋಗಲಿ ಅಂತ ಕೇಳಿದರೆ, "ಮಾರ್ಚ್ ತಿಂಗಳೊಂದು ಮುಗೀಲಿ ಸಾರ್, ಆಮೇಲೆ ಮಾಡೋಣ" ಅಂದಿದ್ದಾರೆ. ಅವರ 8 ಜಿಬಿ ಇನ್ನೂ ವೇರಿಯಬಲ್ ಫೈಲಿನಲ್ಲಿದೆ. ಯಾರು ಕೇಳಿದ್ದು, ಯಾಕೆ, ಯಾವಾಗ ತೆಗೀತೀವಿ ಅಂದಿದ್ದಾರೆ ಅಂತ ಪಕ್ಕದಲ್ಲೊಂದು ಕಮೆಂಟ್ ಹಾಕಿಟ್ಟಿದ್ದೇನೆ.