ಮೋಟಾರ್ ಓಡುತ್ತಿತ್ತು, ಹುಕ್ ನಿಂತಿತ್ತು

ಮೂರನೇ ಸುತ್ತಿನ ಬ್ರೆಡ್ ಹಿಟ್ಟನ್ನು ಬೌಲಿಗೆ ಸುರಿದು, ನಾದುವ ಕೊಕ್ಕೆ, ಅಂದರೆ ಹುಕ್ ಸಿಕ್ಕಿಸಿ, ಸ್ಟ್ಯಾಂಡ್ ಮಿಕ್ಸರಿನ ತಲೆ ಇಳಿಸಿ ಲಾಕ್ ಮಾಡಿ, ಎರಡನೇ ಸ್ಪೀಡಿಗೆ ಹಾಕಿ ನಾನು ಪಕ್ಕದ ಕೋಣೆಗೆ ಹೋದೆ. ಫೋನ್ ಬಂದಿತ್ತು. ಮಾತಾಡುತ್ತಾ ಇರುವಾಗ ಅಡುಗೆಮನೆಯಿಂದ ಟಕ್ ಅಂತ ಒಂದು ಸದ್ದು. ಚಿಲಕ ಬಿದ್ದ ಹಾಗೆ, ಅಷ್ಟೇ. ಅದಾದ ಮೇಲೆ ಅಲ್ಲಿಯವರೆಗೆ ಏದುಸಿರು ಬಿಡುತ್ತಿದ್ದ ಮೋಟಾರ್ ಒಂದೇ ಸಮನೆ ಹಗುರವಾಗಿ ಗುಂಯ್‌ಗುಡತೊಡಗಿತು. ಓಹೋ, ಹಿಟ್ಟು ಹದಕ್ಕೆ ಬಂತು ಅಂದುಕೊಂಡು ಇನ್ನೂ ಎರಡು ನಿಮಿಷ ಮಾತಾಡಿದೆ.

ಬಂದು ನೋಡಿದರೆ ಮೋಟಾರ್ ಹಾಯಾಗಿ ಓಡುತ್ತಿದೆ. ಹುಕ್ ಮಾತ್ರ ಹಿಟ್ಟಿನೊಳಗೆ ಹೂತು ನಿಂತಿದೆ, ಅಲ್ಲಾಡುತ್ತಿಲ್ಲ.

ಆಫ್ ಮಾಡಿದೆ, ಆನ್ ಮಾಡಿದೆ. ಸ್ಪೀಡ್ ಜಾಸ್ತಿ ಮಾಡಿದೆ. ಇದು ಮಾಡಬಾರದ ಕೆಲಸ ಅಂತ ಗೊತ್ತಿತ್ತು, ಆದರೂ ಕೈ ಕೇಳಲಿಲ್ಲ. ಒಳಗೆ ಎಲ್ಲೋ ಕರಕರ ಅಂತು. ಪ್ಲಗ್ ಕಿತ್ತು, ಹಿಟ್ಟು ಮೆತ್ತಿದ ಕೈಯಲ್ಲೇ ಅದರ ತಲೆ ಮುಟ್ಟಿದರೆ ಬಿಸಿ. ಚೆನ್ನಾಗಿಯೇ ಬಿಸಿ.

ತಪ್ಪು ನನ್ನದೇ, ಮುಚ್ಚುಮರೆ ಏನಿಲ್ಲ. ಗೆಳೆಯರೆಲ್ಲ ಸೇರುವ ಊಟಕ್ಕೆ ಬ್ರೆಡ್ ನಾನೇ ಮಾಡಿ ತರುತ್ತೇನೆ ಅಂತ ಜಂಬದಿಂದ ಹೇಳಿಬಿಟ್ಟಿದ್ದೆ. ಒಂದು ಸುತ್ತಿಗೆ 1.2 ಕಿಲೊ ಮೈದಾ, ಅದಕ್ಕೆ 660 ಗ್ರಾಂ ನೀರು. ಅಂದರೆ ಮೈದಾದ ತೂಕಕ್ಕೆ ಶೇಕಡಾ 55ರಷ್ಟು ನೀರು, ಕಲ್ಲಿನಂಥ ಗಟ್ಟಿ ಹಿಟ್ಟು. ಇಂಥ ಮೂರು ಸುತ್ತು, ಮಧ್ಯೆ ಬಿಡುವಿಲ್ಲ. ನಾದುವಾಗ ಎರಡನೇ ಸ್ಪೀಡ್ ದಾಟಬೇಡಿ ಅಂತ ಕೈಪಿಡಿಯಲ್ಲಿ ಇತ್ತು, ಅದನ್ನು ದೇವರ ಮಾತಿನಂತೆ ಪಾಲಿಸುತ್ತಿದ್ದೆ. ಅದೇ ಪುಟದಲ್ಲಿ ಎರಡು ಸಾಲು ಕೆಳಗೆ ಒಂದು ಸಲಕ್ಕೆ ಎಷ್ಟು ಹಿಟ್ಟು, ಎಷ್ಟು ಹೊತ್ತು, ಎಷ್ಟು ಬಿಡುವು ಅಂತಲೂ ಇತ್ತು. ಅದನ್ನು ಓದಿದ್ದು ಆ ರಾತ್ರಿ. ನನ್ನದು 900 ಗ್ರಾಂ ಮೈದಾದ ಯಂತ್ರ.

ಮೂರ್ನಾಲ್ಕು ಗುರುತುಗಳನ್ನು ಮಿಕ್ಸರ್ ಮೊದಲೇ ಕೊಟ್ಟಿತ್ತು. ಮೊದಲನೇ ಸುತ್ತು ಮುಗಿದಾಗ ಹಿಟ್ಟಿಗೆ ಥರ್ಮಾಮೀಟರ್ ಚುಚ್ಚಿದರೆ 25 ಡಿಗ್ರಿ, ಬೇಕಾದಷ್ಟೇ. ಎರಡನೆಯದು 28. ನೀರು ಅದೇ, ಮೈದಾ ಅದೇ. ಹುಕ್ ಹಿಟ್ಟನ್ನು ತಿಕ್ಕಿ ತಿಕ್ಕಿ ಬಿಸಿ ಮಾಡುತ್ತದೆ ನಿಜ, ಆದರೆ ಮೂರು ಡಿಗ್ರಿ ಏರಿದ್ದು ಕೆಲಸ ಹೆಚ್ಚಾಯಿತು ಅನ್ನುವುದಕ್ಕೆ ಸಾಕ್ಷಿ ಅಲ್ವಾ? ಹಿಟ್ಟು ಹುಕ್ ಹಿಡಿದು ಮೇಲೇರಿ ಅದರ ಕುತ್ತಿಗೆಗೆ ಸುತ್ತಿಕೊಳ್ಳುತ್ತಿತ್ತು, ನಿಲ್ಲಿಸಿ ನಿಲ್ಲಿಸಿ ಇಳಿಸುತ್ತಿದ್ದೆ. ಮಿಕ್ಸರ್ ಕಟ್ಟೆಯ ಮೇಲೆ ಒಂದೊಂದೇ ಬೆರಳು ಸರಿಯುತ್ತಾ ಅಂಚಿನ ಕಡೆ ಹೊರಟಿತ್ತು. ಅದರ ಕೆಳಗೆ ಒದ್ದೆ ಬಟ್ಟೆ ಹಾಸಿ ಜಾಣತನ ಮಾಡಿದೆ ಅಂದುಕೊಂಡೆ.

ನನಗೆ ಜಾಸ್ತಿ ಬೇಜಾರಾಗಿದ್ದು ಸದ್ದಿನ ವಿಷಯಕ್ಕೆ. ಈ ಮಿಕ್ಸರ್ ಬಂದ ಹೊಸದರಲ್ಲಿ ನಾನು ಅದರ ಪಕ್ಕವೇ ಕೂತಿರುತ್ತಿದ್ದೆ, ಹೊಸ ಮಗುವಿನ ತೊಟ್ಟಿಲ ಪಕ್ಕ ಕೂತ ಹಾಗೆ. ಕೇಕಿಗೆ ಬೆಣ್ಣೆ ಸಕ್ಕರೆ ನೊರೆ ಮಾಡುವಾಗ ಮೊದಲು ಪ್ಯಾಡಲ್, ಅಂದರೆ ಕಲಸುವ ಚಪ್ಪಟೆ ಅಲಗು, ಬೆಣ್ಣೆ ತುಂಡುಗಳಿಗೆ ಧಡ್ ಧಡ್ ಬಡಿಯುತ್ತದೆ, ಆಮೇಲೆ ಸಕ್ಕರೆ ಬೌಲಿನ ಗೋಡೆಗೆ ತಿಕ್ಕುವ ಸರಸರ, ನಾಲ್ಕೈದು ನಿಮಿಷಕ್ಕೆ ಅದೂ ನಿಂತು ಮೆತ್ತಗೆ ಪಟಪಟ ಅನ್ನುತ್ತದೆ. ಸಕ್ಕರೆಯ ಹರಳುಗಳು ಬೆಣ್ಣೆಯಲ್ಲಿ ಗಾಳಿ ತುಂಬುತ್ತಿವೆ ಅನ್ನುವುದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಬೆಣ್ಣೆ 18ರಿಂದ 20 ಡಿಗ್ರಿ ಇದ್ದರೆ ಈ ಮೂರೂ ಸದ್ದು ಸಾಲಾಗಿ ಬರುತ್ತವೆ. ಕರಗಿದ ಬೆಣ್ಣೆ ಹಾಕಿದರೆ ಬರುವುದಿಲ್ಲ, ಕೇಕೂ ಏಳುವುದಿಲ್ಲ. ಕ್ರೀಮ್ ಹಾಗೇ. ತಂತಿಯ ಕಡೆಗೋಲಿನಂಥ ವಿಸ್ಕ್ ತಿರುಗುವಾಗ ಮೊದಲು ಹಾಲಿನ ಥರ ಸದ್ದು, ಬರಬರುತ್ತಾ ಸದ್ದೇ ಇಲ್ಲ, ನಾವು ಅಲ್ಲೇ ನಿಲ್ಲಿಸಬೇಕು. ನಿಲ್ಲಿಸದೆ ಪಾತ್ರೆ ತೊಳೆಯಲು ಹೋದರೆ ಸ್ವಲ್ಪ ಹೊತ್ತಿಗೆ ಚಳ್ ಚಳ್ ಅಂತ ಕೇಳುತ್ತದೆ. ಅದು ಮಜ್ಜಿಗೆ, ವಿಸ್ಕಿಗೆ ಅಂಟಿಕೊಂಡಿರುವುದು ಬೆಣ್ಣೆ. ಎರಡು ಸಲ ಹೀಗಾಗಿದೆ. ಎರಡನೇ ಸಲ ಯಾರಿಗೂ ಹೇಳದೆ ಆ ಬೆಣ್ಣೆಗೆ ಉಪ್ಪು ಹಾಕಿ ಡಬ್ಬಿಗೆ ತುಂಬಿದೆ.

ಬ್ರೆಡ್ ಹಿಟ್ಟಿನ ಸದ್ದೂ ನನಗೆ ಬಾಯಿಪಾಠವಾಗಿತ್ತು. ಮೊದಲು ಅಂಟಂಟು ಲಚಲಚ, ಆಮೇಲೆ ಹಿಟ್ಟು ಬೌಲಿನ ಗೋಡೆ ಬಿಟ್ಟು ಉಂಡೆಯಾಗಿ ಚಪ್ ಚಪ್ ಅಂತ ಬಡಿಯುವುದು. ಮೋಟಾರ್ ಒಂದು ಗುಟುಕು ಕೆಳಗಿಳಿದು ಮತ್ತೆ ಏರುವುದು. ಎರಡು ವರ್ಷ ಕಳೆಯುವಷ್ಟರಲ್ಲಿ ಕೇಳುವುದನ್ನೇ ಬಿಟ್ಟಿದ್ದೆ. ಆನ್ ಮಾಡಿ ಹೋಗುವುದು, ಟೈಮರ್ ಕೂಗಿದಾಗ ಬರುವುದು.

ಆ ರಾತ್ರಿಯ ಕಥೆಗೆ ಬರುತ್ತೇನೆ. ಬೌಲಿನಲ್ಲಿ ಸುಮಾರು 1.9 ಕಿಲೊ ಹಿಟ್ಟು, ಅರ್ಧ ನಾದಿದ್ದು, ಯೀಸ್ಟ್ ಆಗಲೇ ಕೆಲಸ ಶುರು ಮಾಡಿದೆ. ಕೈಯಲ್ಲೇ ನಾದದೆ ದಾರಿ ಇರಲಿಲ್ಲ. ಹುಕ್ಕಿನಿಂದ ಹಿಟ್ಟು ಬಿಡಿಸುವುದೇ ಒಂದು ಕುಸ್ತಿ. ಕಟ್ಟೆ ಮೇಲೆ ಹಾಕಿ ಅಂಗೈ ಒತ್ತಿದರೆ ಅದು ನನ್ನನ್ನೇ ವಾಪಸ್ ತಳ್ಳುತ್ತದೆ. ಐದು ನಿಮಿಷಕ್ಕೆ ಭುಜ ಸೋತಿತು. ಆಗ ಹಳೆಯ ಉಪಾಯ ನೆನಪಾಯಿತು, ಬೌಲ್ ಮಗುಚಿ ಹಿಟ್ಟಿನ ಮೇಲೆ ಮುಚ್ಚಿ ಇಪ್ಪತ್ತು ನಿಮಿಷ ಸುಮ್ನೆ ಕೂತೆ. ಮೈದಾ ನೀರು ಕುಡಿದುಕೊಂಡು ಬಿದ್ದಿದ್ದರೆ ಹಿಟ್ಟನ್ನು ಹಿಗ್ಗುವ ಹಾಗೆ ಮಾಡುವ ಪ್ರೊಟೀನಿನ ಜಾಲ, ಅಂದರೆ ಗ್ಲೂಟೆನ್, ತನ್ನಷ್ಟಕ್ಕೆ ಕಟ್ಟಿಕೊಳ್ಳುತ್ತದೆ, ಬಿಗಿಯೂ ಸಡಿಲವಾಗುತ್ತದೆ. ಬೌಲ್ ಎತ್ತಿದಾಗ ಅದೇ ಹಿಟ್ಟು ಬೇರೆ ಥರ ಇತ್ತು, ಮೆತ್ತಗೆ, ಹೇಳಿದ ಮಾತು ಕೇಳುವ ಹಾಗೆ. ಇನ್ನೊಂದು ಆರು ನಿಮಿಷ ನಾದಿ ಒಂದು ಚೂರು ಕಿತ್ತು ಎರಡೂ ಕೈಯಲ್ಲಿ ಎಳೆದರೆ ಹರಿಯದೆ ತೆಳ್ಳಗೆ ಹಿಗ್ಗಿ ಆಚೆಯ ಬೆಳಕು ಕಂಡಿತು. ನಿಜ ಹೇಳಬೇಕೆಂದರೆ ಮಿಕ್ಸರ್ ನಾದಿದ ಎರಡು ಸುತ್ತಿಗಿಂತ ಈ ಮೂರನೆಯದೇ ಚೆನ್ನಾಗಿ ಬೆಂದಿತು. ಯಾವ ಬ್ರೆಡ್ ಯಾವ ಸುತ್ತಿನದು ಅಂತ ಊಟಕ್ಕೆ ಬಂದವರಿಗೆ ನಾನು ಹೇಳಲಿಲ್ಲ.

ಮಾರನೇ ದಿನ ಹುಡುಕಿ ನೋಡಿದಾಗ ರೋಗ ಏನು ಅಂತ ತಿಳಿಯಿತು. ಮೋಟಾರ್ ಓಡಿ ಹುಕ್ ನಿಂತರೆ ಹೆಚ್ಚಿನ ಸಲ ಮಧ್ಯದ ಒಂದು ಗೇರ್ ಹೋಗಿರುತ್ತದೆ. ಮೋಟಾರಿನ ತುದಿಯಲ್ಲಿ ಸ್ಕ್ರೂ ಆಕಾರದ ವರ್ಮ್ ಇರುತ್ತದೆ, ಅದು ತಿರುಗಿಸುವುದು ಈ ಗೇರನ್ನು. ಹೊಸ ಗೇರಿಗೆ ಹೇಳಿದೆ, ಜೊತೆಗೆ ಊಟದ ಪದಾರ್ಥದ ಹತ್ತಿರ ಬಳಸಬಹುದಾದ ಗ್ರೀಸಿನ ಡಬ್ಬಿ. ಅವು ಬರುವವರೆಗೆ ಮಾಡಲು ಕೆಲಸ ಇಲ್ಲದೆ ಈ ಯಂತ್ರದ ಜಾತಕ ಓದುತ್ತಾ ಕೂತೆ. ಅಮೆರಿಕದ ಓಹಾಯೋದಲ್ಲಿ ಹೋಬಾರ್ಟ್ ಕಂಪನಿಯ ಇಂಜಿನಿಯರ್ ಹರ್ಬರ್ಟ್ ಜಾನ್ಸ್ಟನ್ 1908ರಲ್ಲಿ ಬೇಕರಿಯವನೊಬ್ಬ ಕಬ್ಬಿಣದ ಸೌಟಿನಿಂದ ಹಿಟ್ಟು ಕಲಸುವುದನ್ನು ನೋಡಿ ಇದಕ್ಕೊಂದು ಯಂತ್ರ ಬೇಕು ಅಂತ ಹೊರಟನಂತೆ. 1914ರ ಹೊತ್ತಿಗೆ ಬಂದದ್ದು 80 ಕ್ವಾರ್ಟಿನ ರಾಕ್ಷಸ, ಅಂದರೆ ಸುಮಾರು 76 ಲೀಟರಿನ ಬೌಲು. 1919ರಲ್ಲಿ ಕಿಚನ್‌ಏಡ್ ಹೆಸರಿನಲ್ಲಿ ಮನೆಗೆಂದು ಮಾಡಿದ ಮೊದಲ ಮಾದರಿಯೂ 29 ಕಿಲೊ ಹತ್ತಿರ ತೂಗುತ್ತಿತ್ತು. ನನ್ನ 11 ಕಿಲೊ ಮಿಕ್ಸರನ್ನು ಕಪಾಟಿನಿಂದ ಎತ್ತಿ ಇಡುವುದಕ್ಕೇ ನಾನು ನಿಟ್ಟುಸಿರು ಬಿಡುತ್ತಿದ್ದೆ.

ಒಂದು ಭಾನುವಾರ ಬಿಚ್ಚಿದೆ. ಮೇಜಿನ ಮೇಲೆ ಹಳೇ ಪೇಪರ್ ಹಾಸಿ, ಪ್ಲಗ್ ಕಿತ್ತಿದೆಯಾ ಅಂತ ಮೂರು ಸಲ ನೋಡಿ, ಹುಕ್ ಸಿಕ್ಕಿಸುವ ಜಾಗದ ಮೇಲಿನ ಪಿನ್ನನ್ನು ಮೊಳೆಯಿಟ್ಟು ಸುತ್ತಿಗೆಯಿಂದ ಬಡಿದು ಬಡಿದು ಹೊರಗೆ ತೆಗೆದೆ. ಇದಕ್ಕೇ ಅರ್ಧ ಗಂಟೆ. ಕೆಳಗಿನ ಭಾಗ ಕಳಚಿ ಬಂದಾಗ ಕೆಲಸ ಮರೆತು ಸ್ವಲ್ಪ ಹೊತ್ತು ಆಟ ಆಡಿದೆ. ಒಳಗೆ ಹಲ್ಲಿರುವ ದೊಡ್ಡ ಬಳೆ, ಅದರೊಳಗೆ ಓಡುವ ಪುಟ್ಟ ಗೇರ್. ಹುಕ್ ಬೌಲಿನೊಳಗೆ ಒಂದು ದಿಕ್ಕಿಗೆ ಸುತ್ತು ಹಾಕುತ್ತದೆ, ತಾನು ಮಾತ್ರ ಎದುರು ದಿಕ್ಕಿಗೆ ತಿರುಗುತ್ತದೆ. ಬೌಲ್ ಅಲ್ಲಾಡದಿದ್ದರೂ ಮೂಲೆ ಮೂಲೆ ಮುಟ್ಟುವುದು ಹೀಗೆ. ಇದಕ್ಕೆ ಪ್ಲಾನೆಟರಿ ಅಂತ ಗ್ರಹದ ಹೆಸರಿಟ್ಟಿದ್ದಾರೆ. ಭೂಮಿ ಸುತ್ತುವುದೂ ತಿರುಗುವುದೂ ಒಂದೇ ದಿಕ್ಕಿಗೆ ಅನ್ನುವುದನ್ನು ಹೆಸರಿಟ್ಟವರು ಲೆಕ್ಕಕ್ಕೆ ತೆಗೆದುಕೊಂಡಿಲ್ಲ, ಇರಲಿ.

ಮೇಲಿನ ಮುಚ್ಚಳ ಎತ್ತಿದರೆ ಗ್ರೀಸಿನ ಸಮುದ್ರ. ಬೂದು ಕಪ್ಪು, ಅಲ್ಲಲ್ಲಿ ಎಣ್ಣೆ ಬೇರೆಯಾಗಿ ನಿಂತಿದೆ. ಬೆರಳು ಹಾಕಿ ತಡಕಿದರೆ ಸಿಕ್ಕಿತು ನಮ್ಮ ಗೇರ್. ಒಂದು ಕಡೆ ನಾಲ್ಕು ಹಲ್ಲು ನಯವಾಗಿ ಸವೆದು ಹೋಗಿತ್ತು, ಬಾಯಲ್ಲಿ ಮುಂದಿನ ಹಲ್ಲು ಬಿದ್ದ ಅಜ್ಜನ ಹಾಗೆ. ಅಕ್ಕಪಕ್ಕದವೆಲ್ಲ ಗಟ್ಟಿ ಉಕ್ಕು, ಇದೊಂದು ಮಾತ್ರ ಮೆತ್ತನೆಯದು. ಮೊದಲು ಸಿಟ್ಟು ಬಂತು, ಉಳಿದದ್ದನ್ನೆಲ್ಲ ಗಟ್ಟಿ ಮಾಡಿ ಇದೊಂದಕ್ಕೆ ಯಾಕೆ ಜಿಪುಣತನ ಅಂತ. ಆದರೆ ಬೇಕೆಂತಲೇ ಹೀಗೆ ಮಾಡಿರುತ್ತಾರೆ. ಕರೆಂಟಿಗೆ ಫ್ಯೂಸ್ ಇದ್ದ ಹಾಗೆ. ನನ್ನಂಥವರು ಮಿತಿ ಮೀರಿ ಹಿಟ್ಟು ತುಂಬಿದಾಗ ಏನಾದರೂ ಒಂದು ಹೋಗಲೇಬೇಕು, ಮೋಟಾರ್ ಸುಡುವ ಬದಲು ಈ ಅಂಗೈಯಲ್ಲಿ ಹಿಡಿಸುವ ಗೇರ್ ಹೋಗಲಿ ಅಂತ. ಮೋಟಾರ್ ಆರಾಮಾಗಿತ್ತು.

ಸವೆದ ಹಲ್ಲಿನ ಪುಡಿ ಗ್ರೀಸಿನಲ್ಲೆಲ್ಲ ಸೇರಿತ್ತು. ಅದನ್ನು ಹಾಗೇ ಬಿಟ್ಟರೆ ಹೊಸ ಗೇರನ್ನೂ ತಿಂದುಹಾಕುತ್ತದೆ. ಹಳೇ ಚಮಚ, ಹಳೇ ಟೂತ್‌ಬ್ರಷ್, ಒಂದು ರಾಶಿ ಬಟ್ಟೆ, ಒಂದೂವರೆ ಗಂಟೆ. ಹೊಸದಾಗಿ ಸುಮಾರು 170 ಗ್ರಾಂ ಗ್ರೀಸ್ ಹಿಡಿಸಿತು. ಬಿಚ್ಚುವಾಗ ಫೋನಿನಲ್ಲಿ ಹೆಜ್ಜೆ ಹೆಜ್ಜೆಗೂ ಫೋಟೊ ತೆಗೆದಿದ್ದೆ, ವಾಪಸ್ ಜೋಡಿಸುವಾಗ ನೋಡೋಣ ಅಂದರೆ ಅರ್ಧ ಫೋಟೊದಲ್ಲಿ ನನ್ನ ಹೆಬ್ಬೆರಳೇ ಇತ್ತು.

ಜೋಡಿಸಿದ ಮೇಲೆ ನಾಣ್ಯದ ಪರೀಕ್ಷೆ ಮಾಡಿದೆ. ಬೌಲಿನ ತಳದಲ್ಲಿ ಒಂದು ನಾಣ್ಯ ಇಟ್ಟು, ಪ್ಯಾಡಲ್ ಹಾಕಿ ತೀರಾ ನಿಧಾನಕ್ಕೆ ತಿರುಗಿಸಬೇಕು. ಪ್ಯಾಡಲ್ ನಾಣ್ಯವನ್ನು ಆಗಾಗ ಒಂದು ಚೂರು ತಳ್ಳಿದರೆ ಸರಿ. ಮುಟ್ಟಲೇ ಇಲ್ಲ ಅಂದರೆ ತಳದಲ್ಲಿ ಒಣ ಹಿಟ್ಟು ಉಳಿಯುತ್ತದೆ, ಸದಾ ಎಳೆದಾಡಿದರೆ ತಳಕ್ಕೇ ಉಜ್ಜುತ್ತಿದೆ ಅಂತ. ನನ್ನದು ನಾಣ್ಯವನ್ನು ಬೌಲ್ ಪೂರ್ತಿ ಮೆರವಣಿಗೆ ಮಾಡಿಸಿತು. ತಲೆ ಮಡಚುವ ಕಡೆ ಕುತ್ತಿಗೆಯಲ್ಲಿ ಒಂದು ಸ್ಕ್ರೂ ಇದೆ, ಅದನ್ನು ಕಾಲು ಸುತ್ತು ತಿರುಗಿಸಿದೆ, ಸರಿಹೋಯಿತು.

ಮೊದಲ ಹಿಟ್ಟು 500 ಗ್ರಾಂ ಮೈದಾದ್ದು. ಎರಡನೇ ಸ್ಪೀಡ್, ಎಂಟು ನಿಮಿಷ, ಒಂದು ಕೈ ಮಿಕ್ಸರಿನ ತಲೆ ಮೇಲೆ. ಸದ್ದು ಮೊದಲಿನದಲ್ಲ. ಹೊಸ ಗ್ರೀಸಿಗೋ ಏನೋ, ಸ್ವಲ್ಪ ದಪ್ಪ ಗಂಟಲಿನಲ್ಲಿ ಮಾತಾಡುತ್ತದೆ. ಲಚಲಚ ಯಾವಾಗ ಮುಗಿಯಿತು, ಚಪ್ ಚಪ್ ಯಾವಾಗ ಶುರುವಾಯಿತು ಅಂತ ಮತ್ತೆ ಹೊಸದಾಗಿ ಕಲಿಯುತ್ತಿದ್ದೇನೆ.

ಎಲ್ಲ ಮುಗಿದು ಪೇಪರ್ ಮಡಚುವಾಗ ಅದರಡಿ ಒಂದು ಸ್ಕ್ರೂ ಸಿಕ್ಕಿತು. ಸಣ್ಣದು, ತಲೆ ಚಪ್ಪಟೆ. ಫೋಟೊಗಳನ್ನೆಲ್ಲ ಹಿಗ್ಗಿಸಿ ನೋಡಿದೆ, ಎಲ್ಲಿಯದು ಅಂತ ಗೊತ್ತಾಗಲಿಲ್ಲ. ಹಲ್ಲು ಹೋದ ಗೇರಿನ ಜೊತೆ ಅದೂ ಡ್ರಾಯರಿನಲ್ಲಿದೆ. ಮಿಕ್ಸರ್ ಓಡುತ್ತಿದೆ.