ಬಾಟಲಿ ಬದಲಿಸಿದೆ, ಪ್ಲೇಟ್ ನೋಡಲಿಲ್ಲ

ನಾನು ಊಟ ಬಡಿಸುವ ರೆಸ್ಟೋರೆಂಟ್‌ನ ಏಳನೇ ಟೇಬಲ್‌ನ ಆ ರಾತ್ರಿ ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ.

ಶನಿವಾರ, ಎರಡನೇ ಸೀಟಿಂಗ್, ಆರು ಕವರ್ (ಆರು ಜನ). ಕೆಒಟಿಯಲ್ಲಿ (ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿ) ಮೂರು ಲ್ಯಾಂಬ್ ಚಾಪ್, ಎರಡು ಬೆಣ್ಣೆಯಲ್ಲಿ ಹುರಿದ ಮಶ್ರೂಮ್, ಒಂದು ಚಿಲ್ಲಿ ಸಾಸ್ ಸಾಲ್ಮನ್. "ಎಲ್ಲರಿಗೂ ಸೇರಿ ಒಂದೇ ರೆಡ್ ವೈನ್ ಹೇಳಿ" ಅಂದರು. ನಾನು ಜಾಸ್ತಿ ಯೋಚಿಸದೆ ಬ್ಲೆಂಡ್ ಹೇಳಿದೆ, ಅಂದರೆ ಹಲವು ದ್ರಾಕ್ಷಿ ತಳಿ ಬೆರೆಸಿದ ವೈನ್. ಕ್ಯಾಬರ್ನೆ ಸೊವಿನ್ಯೋ, ಸಿರಾ, ಸ್ವಲ್ಪ ಪೆಟಿ ವರ್ಡೊ, 14.5% ಆಲ್ಕೋಹಾಲ್. ಗ್ಲಾಸಿನ ಹಿಂದೆ ಬೆರಳಿಟ್ಟರೆ ಕಾಣಿಸದಷ್ಟು ಗಾಢ ಬಣ್ಣ.

ಬ್ರೀಫಿಂಗ್‌ನಲ್ಲಿ ಕೊಟ್ಟ, ಯಾವ ಊಟಕ್ಕೆ ಯಾವ ವೈನ್ ಅಂತ ತಿಳಿಸುವ ಪೇರಿಂಗ್ ಕಾರ್ಡ್‌ನಲ್ಲೂ "ಬೋಲ್ಡ್ ರೆಡ್: ಖಾರದ ಅಡುಗೆಗೆ" ಅಂತಲೇ ಇತ್ತು. ಜೋರು ರುಚಿಗೆ ಜೋರು ವೈನ್, ನನಗೂ ಸರಿ ಅನ್ನಿಸಿತ್ತು.

ಊಟ ಹೋಗಿ ಐದು ನಿಮಿಷ ಆಗಿರಬೇಕು. ಸಾಲ್ಮನ್ ತಗೊಂಡಿದ್ದ ಹಿರಿಯರು ಒಂದು ಗುಟುಕು ಕುಡಿದು ಗ್ಲಾಸನ್ನು ಮೆಲ್ಲಗೆ ದೂರ ಸರಿಸಿದರು. "ಏನೋ ತುಕ್ಕಿನ ರುಚಿ ಬರ್ತಿದೆ. ಬಾಯಿ ಬೇರೆ ಉರೀತಿದೆ." ನನಗೆ ಹೊಳೆದದ್ದು ಒಂದೇ, ಬಾಟಲಿ ಕೆಟ್ಟಿದೆ. ಕ್ಷಮೆ ಕೇಳಿ ಒಳಗೆ ಒಯ್ದೆ. ಮೂಸಿದೆ, ಒಂದು ಗುಟುಕು ರುಚಿ ನೋಡಿದೆ. ಕಾರ್ಕ್ ವಾಸನೆ ಇಲ್ಲ, ಹುಳಿ ಇಲ್ಲ. ಆದರೂ ಎರಡನೇ ಬಾಟಲಿ ತೆಗೆದೆ. ಹೊಸ ಗ್ಲಾಸ್, ಹೊಸ ವೈನ್. ಅವರು ಮೀನು ತಿಂದರು, ಕುಡಿದರು, ಮತ್ತೆ ಅದೇ ಮುಖ. ಇಡೀ ಟೇಬಲ್ ಊಟ ನಿಲ್ಲಿಸಿ ನನ್ನನ್ನೇ ನೋಡುತ್ತಿತ್ತು. ಅಷ್ಟರಲ್ಲಿ ಪಕ್ಕದಲ್ಲಿದ್ದ ಮೇಡಂ ಅದೇ ವೈನ್ ಇನ್ನೊಂದು ಸಲ ಕೇಳಿ ಹಾಕಿಸಿಕೊಂಡಿದ್ದರು. ಅವರ ಮುಂದೆ ಲ್ಯಾಂಬ್ ಇತ್ತು. ಅದು ಕಣ್ಣೆದುರೇ ಇದ್ದರೂ ನನ್ನ ತಲೆಗೆ ಹೋಗಲಿಲ್ಲ. ಮೂರನೇ ಬಾಟಲಿಗೆ ಕೈ ಹಾಕಿದ್ದೆ.

ಪಾಸ್ (ಅಡುಗೆಮನೆಯಿಂದ ಪ್ಲೇಟ್ ಹೊರಬರುವ ಕಟ್ಟೆ) ಹತ್ತಿರವಿದ್ದ ಶೆಫ್ ತಡೆದರು. "ವೈನ್ ಅಲ್ಲಪ್ಪಾ, ಅವರ ಪ್ಲೇಟ್ ನೋಡು."

ರೆಡ್ ವೈನ್‌ನಲ್ಲಿರುವ ಕಬ್ಬಿಣದ ಅಂಶ ಮೀನಿನ ಕೊಬ್ಬಿನ ಜೊತೆ ಸೇರಿದರೆ ಬಾಯಲ್ಲಿ ಹಸಿ ಮೀನಿನ ವಾಸನೆ ಉಳಿಯುತ್ತದೆ. ಜಪಾನಿನ ಸಂಶೋಧಕರು ಇದನ್ನು 2009ರಲ್ಲೇ ತೋರಿಸಿದ್ದಾರೆ. ಸಾಲ್ಮನ್‌ನಲ್ಲಿ ಎಣ್ಣೆ ಅಂಶ ಜಾಸ್ತಿ. ಮೇಲೆ ಖಾರ. ಆಲ್ಕೋಹಾಲ್ ಜಾಸ್ತಿ ಇದ್ದಷ್ಟೂ ಖಾರದ ಉರಿ ಏರುತ್ತದೆ, ದ್ರಾಕ್ಷಿ ಸಿಪ್ಪೆ, ಬೀಜದಿಂದ ಬರುವ ಟ್ಯಾನಿನ್‌ನ ಒಗರೂ ಎದ್ದು ಕಾಣುತ್ತದೆ. ಲ್ಯಾಂಬ್‌ನಲ್ಲಿ ಹಾಗಲ್ಲ. ಟ್ಯಾನಿನ್ ನಮ್ಮ ಜೊಲ್ಲಿನ ಪ್ರೋಟೀನನ್ನು ಹಿಡಿಯುವುದರಿಂದಲೇ ಬಾಯಿ ಒಣಗಿದ ಹಾಗೆ ಆಗುವುದು. ಮಾಂಸದ ಪ್ರೋಟೀನ್, ಕೊಬ್ಬು, ಉಪ್ಪು ಬಾಯಲ್ಲಿದ್ದರೆ ಆ ಒಗರು ತಗ್ಗಿ ಹಣ್ಣಿನ ರುಚಿ ಮುಂದೆ ಬರುತ್ತದೆ. ಹಳೆಯ ಚೆಡ್ಡಾರ್, ನಿಧಾನ ಉರಿಯಲ್ಲಿ ಬೆಂದ ಬೀಫ್ ಜೊತೆಗೂ ಈ ವೈನ್ ಎಷ್ಟು ಚೆನ್ನಾಗಿ ಕೂಡುತ್ತದೆ ಅಂತ ಸ್ಟಾಫ್ ಟೇಸ್ಟಿಂಗ್‌ನಲ್ಲಿ ನಾನೇ ಕುಡಿದು ನೋಡಿದ್ದೆ.

ಹಿರಿಯರಿಗೆ ತಣ್ಣಗಿನ, ಸ್ವಲ್ಪ ಸಿಹಿಯಿರುವ ರೀಸ್ಲಿಂಗ್ ವೈಟ್ ವೈನ್ ಒಂದು ಗ್ಲಾಸ್ ಕೊಟ್ಟೆ. ಒಂದು ಗುಟುಕು ಕುಡಿದು ಅವರು ತಲೆಯಾಡಿಸಿದ ಮೇಲೆ ನನಗೆ ಉಸಿರು ಬಂತು. ಎರಡನೇ ಬಾಟಲಿ ಸುಮ್ನೆ ತೆರೆದದ್ದಕ್ಕೆ ಕ್ಯಾಪ್ಟನ್ ಹತ್ತಿರ ಬರೆದುಕೊಡಬೇಕಾಯಿತು. ಅದು ನ್ಯಾಯವೇ. ಟೇಬಲ್‌ಗೆ ಹೋಗುವ ಮೊದಲು ಕೆಒಟಿಯ ಆರೂ ಸಾಲು ಓದಿದ್ದರೆ ಸಾಕಿತ್ತು.

ಆದರೆ ಒಂದು ಮಾತು ಹೇಳಲೇಬೇಕು. ನಮ್ಮ ರೆಡ್ ರ‍್ಯಾಕ್ ಇರುವುದು ಕಾಫಿ ಮಷೀನ್ ಪಕ್ಕ. 16ರಿಂದ 18 ಡಿಗ್ರಿಯಲ್ಲಿ ಕೊಡಬೇಕಾದ ವೈನ್ ಕೈಗೆ ಬೆಚ್ಚಗೆ ತಾಗುತ್ತದೆ. ಬೆಚ್ಚಗಾದರೆ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ, ಆ ರಾತ್ರಿಯೂ ಹೊಡೆದಿರಬೇಕು. ರ‍್ಯಾಕ್ ಬೇರೆ ಕಡೆ ಇಡಿ ಅಂತ ಮೂರು ಸಲ ಕೇಳಿದ್ದೇವೆ. ಈಗ ಬಾಟಲಿಯನ್ನು ಕಾಲು ಗಂಟೆ ಫ್ರಿಜ್‌ನಲ್ಲಿಟ್ಟು, ಆಮೇಲೆ ಅರ್ಧ ಗಂಟೆ ಡಿಕ್ಯಾಂಟ್ ಮಾಡುತ್ತೇನೆ, ಅಂದರೆ ಬೇರೆ ಜಾಡಿಗೆ ಸುರಿದು ಗಾಳಿಗೆ ಬಿಡುತ್ತೇನೆ. ಕಾರ್ಡ್ ಬದಲಿಸಲು ಹೇಳಿದರೆ, ಮುಂದಿನ ಪ್ರಿಂಟ್‌ನಲ್ಲಿ ನೋಡೋಣ ಅಂದರು. ನನ್ನ ಸ್ಟೇಷನ್‌ನ ನಾಲ್ಕು ಕಾರ್ಡ್‌ಗಳಲ್ಲಿ ಆ ಸಾಲನ್ನು ಪೆನ್ನಿನಲ್ಲಿ ಹೊಡೆದು, ಪಕ್ಕದಲ್ಲಿ "ಲ್ಯಾಂಬ್, ಬೀಫ್, ಹಳೆ ಚೀಸ್" ಅಂತ ಬರೆದಿಟ್ಟಿದ್ದೇನೆ.