ನೂರು ಯೆನ್‌ಗೆ ಒಂದು ಕೆಟ್ಟ ಭವಿಷ್ಯ

ಟೋಕಿಯೊದ ಅಸಾಕುಸಾ. ಸೆನ್ಸೋ-ಜಿ ದೇವಾಲಯಕ್ಕೆ ಹೋಗೋ ನಾಕಾಮಿಸೆ ಬೀದಿ 250 ಮೀಟರ್ ಅಷ್ಟೇ. ಆ ಜನಜಂಗುಳಿಯಲ್ಲಿ ದಾಟೋಕೆ ಅರ್ಧ ಗಂಟೆ ಹಿಡೀತು!

628ರಲ್ಲಿ ಸುಮಿದಾ ನದಿಯಲ್ಲಿ ಮೀನು ಹಿಡಿಯುತ್ತಿದ್ದ ಅಣ್ಣತಮ್ಮಂದಿರ ಬಲೆಗೆ ಕಾನ್ನೊನ್ ಮೂರ್ತಿ ಸಿಕ್ಕಿತು ಅನ್ನೋದು ಇಲ್ಲಿನ ಕಥೆ. ಕಾನ್ನೊನ್ ಅಂದ್ರೆ ಬೌದ್ಧರ ಕರುಣೆಯ ಬೋಧಿಸತ್ವ, ನಮ್ಮ ಅವಲೋಕಿತೇಶ್ವರನೇ. ತಮಾಷೆ ಏನಂದ್ರೆ, ಆ ಮೂಲಮೂರ್ತಿಯನ್ನ ಯಾರಿಗೂ ತೋರಿಸೋದೇ ಇಲ್ಲ. ಮುಖ್ಯ ಮಂದಿರವೂ 1945ರ ಬಾಂಬ್ ದಾಳಿಯಲ್ಲಿ ಸುಟ್ಟುಹೋಗಿ, 1958ರಲ್ಲಿ ಕಾಂಕ್ರೀಟಿನಲ್ಲಿ ಮತ್ತೆ ಎದ್ದದ್ದು. ಹಳೇ ಕಟ್ಟಡ ಇಲ್ಲ, ಮೂರ್ತಿ ಕಾಣಲ್ಲ. ಆದರೂ ನನ್ನ ಪಕ್ಕದಲ್ಲಿದ್ದ ಅಜ್ಜಿ ಕಣ್ಣು ಮುಚ್ಚಿ ನಿಂತಿದ್ದ ರೀತಿ ನೋಡಿ ನಾನೂ ಫೋನ್ ಜೇಬಿಗಿಟ್ಟೆ. ಏನು ಬೇಡಿಕೊಂಡೆನೋ, ಈಗ ನೆನಪಿಲ್ಲ.

ಆಮೇಲೆ 100 ಯೆನ್ ಹಾಕಿ ಭವಿಷ್ಯದ ಚೀಟಿ, ಅಂದ್ರೆ ಒಮಿಕುಜಿ. ಡಬ್ಬಿ ಅಲ್ಲಾಡಿಸಿದ್ರೆ ನಂಬರಿನ ಕಡ್ಡಿ ಬೀಳುತ್ತೆ, ಆ ನಂಬರಿನ ಡ್ರಾಯರ್‌ನಿಂದ ಚೀಟಿ ತಗೋಬೇಕು. ನನಗೆ ಬಂದಿದ್ದು 'ಕ್ಯೋ', ಅಪಶಕುನ! ಈ ದೇವಸ್ಥಾನ ಕೆಟ್ಟ ಚೀಟಿಗಳಿಗೇ ಹೆಸರುವಾಸಿಯಂತೆ. ಕೆಟ್ಟದ್ದನ್ನ ಮನೆಗೆ ಒಯ್ಯದೆ ಅಲ್ಲೇ ಸರಳಿಗೆ ಕಟ್ಟಿ ಬರಬಹುದು. ಕಟ್ಟಿದೆ. ಇನ್ನೊಂದು ಸಲ ತೆಗೆಯೋಣ ಅಂತ ಜೇಬಿಗೆ ಕೈ ಹಾಕಿದ್ರೆ ಚಿಲ್ಲರೆ ಖಾಲಿ.